ಟ್ಯಾಂಪರ್: ಹದ ಮಾಡುವ ಕೈ, ಹದ ಕೆಡಿಸುವ ಕೈ

ಪ್ರಶ್ನೆ: ಹಾಸನದಲ್ಲಿ ವಕೀಲರೊಬ್ಬರ ಕಚೇರಿಯಲ್ಲಿ ಹತ್ತು ವರ್ಷದಿಂದ ಟೈಪಿಂಗ್ ಮತ್ತು ಅನುವಾದದ ಕೆಲಸ ಮಾಡುತ್ತಿದ್ದೇನೆ. ಕಳೆದ ವಾರ ‘ಟ್ಯಾಂಪರ್’ ಎಂಬ ಇಂಗ್ಲಿಷ್ ಪದ ಮೂರು ಕಡೆ ಎದುರಾಯಿತು. ಕಕ್ಷಿದಾರರೊಬ್ಬರಿಗೆ ಬಂದ ವಿದ್ಯುತ್ ನೋಟಿಸಿನಲ್ಲಿ ‘ಮೀಟರ್ ಟ್ಯಾಂಪರ್ಡ್’ ಎಂದಿತ್ತು, ಜೊತೆಗಿದ್ದ ಕನ್ನಡ ಪ್ರತಿಯಲ್ಲಿ ‘ಮೀಟರ್ ತಿದ್ದಲಾಗಿದೆ’ ಎಂದು ಬರೆದಿದ್ದರು. ಒಂದು ಜಾಮೀನು ಆದೇಶದಲ್ಲಿ ‘ಶಲ್ ನಾಟ್ ಟ್ಯಾಂಪರ್ ವಿತ್ ದಿ ಎವಿಡೆನ್ಸ್’ ಎಂದಿತ್ತು. ಹಳೆಯ ಮಾದರಿ ನೋಡಿಕೊಂಡು ‘ಸಾಕ್ಷ್ಯ ನಾಶ ಮಾಡತಕ್ಕದ್ದಲ್ಲ’ ಎಂದು ಟೈಪ್ ಮಾಡಿದೆ. ಮನೆಗೆ ಬಂದು ಮಗಳ ಕೆಮ್ಮಿನ ಔಷಧಿ ಸೀಸೆ ಕೈಗೆತ್ತಿಕೊಂಡರೆ ಅದರ ಮೇಲೆ ‘ಟ್ಯಾಂಪರ್ ಎವಿಡೆಂಟ್ ಕ್ಯಾಪ್’! ಈ ಪದದ ನಿಜವಾದ ಅರ್ಥ ಏನು? ಮುಂದೆ ‘ವಿತ್’ ಬೇಕೇ, ಬೇಡವೇ? ಕನ್ನಡದಲ್ಲಿ ಇದಕ್ಕೆ ಒಂದೇ ಪದ ಇದೆಯೇ?

ಉತ್ತರ: ಜಾಮೀನು ಆದೇಶದ ಆ ಅನುವಾದ ಇನ್ನೂ ನಿಮ್ಮ ಮೇಜಿನ ಮೇಲೇ ಇದ್ದರೆ ದಯವಿಟ್ಟು ಹೊರಗೆ ಬಿಡಬೇಡಿ. ‘ನಾಶ’ ಅಲ್ಲಿ ಸಲ್ಲುವ ಮಾತಲ್ಲ. ಯಾಕೆ ಎಂಬುದಕ್ಕೆ ಮುಂದೆ ಬರುತ್ತೇನೆ. ನ್ಯಾಯಾಲಯದ ಕಾಗದಪತ್ರಗಳನ್ನು ಕನ್ನಡಕ್ಕೆ ತರುವ ಕೆಲಸದಲ್ಲೇ ನನ್ನ ಆಯುಷ್ಯದ ಹೆಚ್ಚಿನ ಪಾಲು ಕಳೆದಿದೆ. ಮಾದರಿಯಲ್ಲಿ ಇದ್ದದ್ದನ್ನು ಇದ್ದ ಹಾಗೇ ಇಳಿಸದೆ, ಇದು ಸರಿಯೇ ಎಂದು ತಡೆದು ಕೇಳುವವರು ಸಿಕ್ಕಾಗ ನನಗೆ ನಿಜವಾಗಿ ಸಂತೋಷವಾಗುತ್ತದೆ. ಹಾಗಾಗಿ ಉತ್ತರ ಸ್ವಲ್ಪ ಉದ್ದವಾದರೂ ಸಹಿಸಿಕೊಳ್ಳಿ.

ಟ್ಯಾಂಪರ್ ಎಂದ ಕೂಡಲೇ ಇಂಗ್ಲಿಷ್ ಓದುಗರ ಮನಸ್ಸು ಹೋಗುವುದು ಕೈಯ ಕಡೆಗೆ. ಅದು ಯಾರ ಕೈ, ಆ ಕೈಗೆ ಅಲ್ಲಿ ಏನು ಕೆಲಸ ಎಂಬ ಕಡೆಗೆ. ಮುಟ್ಟುವ ಹಕ್ಕಿಲ್ಲದ ಕೈಯೊಂದು, ನಾಲ್ಕು ಜನ ನಂಬಿಕೊಂಡಿರುವ ವಸ್ತುವಿನೊಳಗೆ ಹೊಕ್ಕು, ಅದರ ಸ್ಥಿತಿ ಕೆಡಿಸಿಯೋ ಬದಲಿಸಿಯೋ ಬಂದರೆ ಅದು ಟ್ಯಾಂಪರ್. ಬಹುಪಾಲು ಸಲ ಇನ್ನೂ ಒಂದು ಅಂಶ ಸೇರಿರುತ್ತದೆ: ಕೈ ಹೊರಬಂದ ಮೇಲೂ ವಸ್ತು ಮೊದಲಿನಂತೆಯೇ ಕಾಣುತ್ತಿರುತ್ತದೆ. ಮೀಟರ್ ಗೋಡೆಯ ಮೇಲೇ ಇರುತ್ತದೆ, ಓಡುತ್ತಲೂ ಇರುತ್ತದೆ. ಪಹಣಿಯಲ್ಲಿ ಸಹಿ, ಮೊಹರು ಎಲ್ಲ ಇರುತ್ತವೆ. ಸೀಸೆಯಲ್ಲಿ ಔಷಧಿ ತುಂಬಿರುತ್ತದೆ. ನೋಡಿದವರು ‘ಇದು ಸರಿಯಾಗೇ ಇದೆ’ ಅಂದುಕೊಳ್ಳುತ್ತಾರೆ. ಅಪಾಯ ಇರುವುದು ಅಲ್ಲೇ. ಒಡೆದ ಮೀಟರನ್ನು ಯಾರೂ ನಂಬುವುದಿಲ್ಲ, ಕೈಯಾಡಿಸಿದ ಮೀಟರನ್ನು ಎಲ್ಲರೂ ನಂಬುತ್ತಾರೆ.

ಈ ಪದ ಹುಟ್ಟಿದ್ದು ಕುಂಬಾರನ ಅಂಗಳದಲ್ಲಿ. ಲ್ಯಾಟಿನ್‌ನ ‘ಟೆಂಪರಾರೆ’ ಎಂದರೆ ಸರಿಯಾದ ಪ್ರಮಾಣದಲ್ಲಿ ಬೆರೆಸುವುದು. ಅದರಿಂದ ಇಂಗ್ಲಿಷಿಗೆ ‘ಟೆಂಪರ್’ ಬಂತು. ಜೇಡಿಮಣ್ಣಿಗೆ ನೀರು, ಮರಳು ಸೇರಿಸಿ ನಾದುವುದಕ್ಕೂ, ಉಕ್ಕನ್ನು ಕಾಯಿಸಿ ತಣಿಸಿ ಗಟ್ಟಿ ಮಾಡುವುದಕ್ಕೂ ಅದೇ ಮಾತು. ಕೆಲಸಗಾರರ ಬಾಯಲ್ಲಿ ಉಚ್ಚಾರ ಒರಟಾಗಿ ‘ಟ್ಯಾಂಪರ್’ ಆಯಿತು ಎನ್ನುತ್ತಾರೆ ನಿಘಂಟುಕಾರರು. 16ನೇ ಶತಮಾನದಲ್ಲಿ ಮಣ್ಣು ನಾದುವುದು ಎಂಬ ಅರ್ಥದಲ್ಲೇ ಅದು ಬಳಕೆಯಲ್ಲಿತ್ತು. ಅದೇ ಶತಮಾನದಲ್ಲೇ ಅರ್ಥ ಹೊರಳಿತು. ಬೇರೆಯವರ ವಿಷಯವನ್ನು ನಾದುವುದು, ತನಗೆ ಸಂಬಂಧವಿಲ್ಲದ್ದರಲ್ಲಿ ಕೈ ಇಡುವುದು, ಸಾಕ್ಷಿಗಳನ್ನು ಗುಟ್ಟಾಗಿ ಒಲಿಸಿಕೊಳ್ಳುವುದು, ಎಲ್ಲಕ್ಕೂ ಟ್ಯಾಂಪರ್ ಸಲ್ಲತೊಡಗಿತು. ಮಣ್ಣಿನ ಅರ್ಥ ಕ್ರಮೇಣ ಮರೆಯಾಗಿ ಕೆಟ್ಟ ಅರ್ಥವೊಂದೇ ಉಳಿಯಿತು.

ಕನ್ನಡಿಗರಿಗೆ ಇದು ಎಷ್ಟು ಹತ್ತಿರದ ವಿಷಯ ನೋಡಿ. ‘ಟೆಂಪರಾರೆ’ಗೆ ನಮ್ಮಲ್ಲಿ ಒಂದು ಅಚ್ಚ ಪದ ಇದೆ: ಹದ. ಚಿಕ್ಕಂದಿನಲ್ಲಿ ನಮ್ಮ ಊರಿನ ಕುಂಬಾರಗೇರಿಯಲ್ಲಿ ಮಣ್ಣು ತುಳಿಯುವುದನ್ನು ಗಂಟೆಗಟ್ಟಲೆ ನಿಂತು ನೋಡುತ್ತಿದ್ದೆ. ಕೆರೆಯ ಮಣ್ಣನ್ನು ರಾತ್ರಿಯಿಡೀ ನೆನೆಸಿ, ಬೆಳಿಗ್ಗೆ ಬೂದಿ ಮರಳು ಹಾಕಿ, ಸುತ್ತ ಸುತ್ತ ತುಳಿಯುತ್ತ ಹರಳು ಸಿಕ್ಕಿದರೆ ಕಾಲ ಬೆರಳಲ್ಲೇ ಹುಡುಕಿ ತೆಗೆದು ಎಸೆಯುತ್ತಿದ್ದರು. ಆಮೇಲೆ ಒಂದು ಉಂಡೆ ಮಾಡಿ ಹೆಬ್ಬೆರಳಲ್ಲಿ ಒತ್ತುತ್ತಿದ್ದರು. ಬೆರಳಿಗೆ ಅಂಟಬಾರದು, ಅಂಚು ಬಿರಿಯಬಾರದು. ಆಗ ‘ಹದ ಬಂತು’ ಎನ್ನುತ್ತಿದ್ದರು. ಬೆಲ್ಲದ ಪಾಕಕ್ಕೆ ಹದ, ಬಿತ್ತನೆಗೆ ಭೂಮಿಯ ಹದ, ಮುದ್ದೆಗೆ ಹದ, ಮಾತಿಗೂ ಹದ. ಹದ ತಪ್ಪಿದ್ದಕ್ಕೆ ನಾವು ‘ಹದಗೆಟ್ಟಿತು’ ಎನ್ನುತ್ತೇವೆ. ಹದಗೆಟ್ಟ ರಸ್ತೆ ಎಂದು ದಿನವೂ ಬರೆಯುವ ನಮಗೆ ಆ ಪದದೊಳಗೆ ಕುಂಬಾರನ ಮಣ್ಣು ಇರುವುದು ನೆನಪಿರುವುದಿಲ್ಲ. ಇಂಗ್ಲಿಷಿನವರಿಗೂ ಟ್ಯಾಂಪರ್ ಒಳಗಿನ ಮಣ್ಣು ನೆನಪಿಲ್ಲ. ಎರಡು ಭಾಷೆಗಳು ಬೇರೆ ಬೇರೆ ದಾರಿಯಲ್ಲಿ ನಡೆದು ಒಂದೇ ಅಂಗಳಕ್ಕೆ ಬಂದು ನಿಂತಿವೆ. ಹದ ಮಾಡುವ ಕೈಯೂ ಹದ ಕೆಡಿಸುವ ಕೈಯೂ ಮಾಡುವ ಚಲನೆ ಹೆಚ್ಚುಕಡಿಮೆ ಒಂದೇ. ಒಂದಕ್ಕೆ ಹಕ್ಕಿದೆ, ಇನ್ನೊಂದಕ್ಕೆ ಇಲ್ಲ.

ಇಲ್ಲೇ ಒಂದು ಸಣ್ಣ ಗೊಂದಲ ಬಗೆಹರಿಸಿಬಿಡುತ್ತೇನೆ. ಮೊಬೈಲ್ ಅಂಗಡಿಯ ಫಲಕಗಳಲ್ಲಿ ‘ಟ್ಯಾಂಪರ್ ಗ್ಲಾಸ್ ಹಾಕಿಕೊಡಲಾಗುವುದು’ ಎಂದು ಬರೆದಿರುವುದನ್ನು ನೀವು ನೋಡಿರಬಹುದು. ಅದು ಟೆಂಪರ್ಡ್ ಗ್ಲಾಸ್. ಕಾಯಿಸಿ ಥಟ್ಟನೆ ತಣಿಸಿ ಗಟ್ಟಿ ಮಾಡಿದ, ಅಂದರೆ ಹದಗೊಳಿಸಿದ ಗಾಜು. ‘ಅವನಿಗೆ ಟೆಂಪರ್ ಜಾಸ್ತಿ’ ಎನ್ನುವಾಗಿನ ಟೆಂಪರ್ ಕೂಡ ಮೂಲದಲ್ಲಿ ಮನಸ್ಸಿನ ಹದವೇ. ಇವೆಲ್ಲ ಟ್ಯಾಂಪರ್‌ನ ಒಡಹುಟ್ಟುಗಳು. ಆದರೆ ಎಸ್ಪ್ರೆಸೊ ಕಾಫಿಯ ಪುಡಿ ಒತ್ತುವ ಉಪಕರಣಕ್ಕೆ ಹೇಳುವ ಟ್ಯಾಂಪರ್, ರೈಲು ಹಳಿಯ ಕೆಳಗೆ ಜಲ್ಲಿ ಗಿಡಿಯುವ ಟ್ಯಾಂಪಿಂಗ್ ಯಂತ್ರ, ಇವು ಬೇರೆ ಮನೆಯವು. ‘ಟ್ಯಾಂಪ್’ ಎಂದರೆ ಗಿಡಿದು ಗಟ್ಟಿ ಮಾಡುವುದು. ಅದಕ್ಕೂ ಇದಕ್ಕೂ ನಂಟಿಲ್ಲ.

ಈಗ ‘ತಿದ್ದುವುದು’ ಎಂಬ ಅನುವಾದದ ಕಥೆಗೆ ಬರೋಣ. ಇದರಲ್ಲಿ ನನಗೇ ಪೆಟ್ಟು ಬಿದ್ದಿದೆ. ಜಮೀನಿನ ದಾವೆಯೊಂದರಲ್ಲಿ ಕೈಬರಹದ ಹಳೆಯ ಪಹಣಿ ಇತ್ತು. ವಿಸ್ತೀರ್ಣದ ಕಾಲಮಿನಲ್ಲಿ 13 ಗುಂಟೆ ಇದ್ದದ್ದು 18 ಗುಂಟೆ ಆಗಿತ್ತು. ಮೂರರ ಎಡಗಡೆ ಎರಡು ಸಣ್ಣ ಬಾಗು ಸೇರಿಸಿದರೆ ಎಂಟಾಗುತ್ತದಲ್ಲ, ಅಷ್ಟೇ ಮಾಡಿದ್ದರು. ಕಾಗದವನ್ನು ಕಿಟಕಿಯ ಬೆಳಕಿಗೆ ಹಿಡಿದರೆ ಬಲಗಡೆಯ ಶಾಯಿ ಕಂದಿ ಕಂದುಬಣ್ಣಕ್ಕೆ ತಿರುಗಿದ್ದು, ಎಡಗಡೆಯದು ಇನ್ನೂ ನೀಲಿಯಾಗಿಯೇ ಇರುವುದು ಕಾಣುತ್ತಿತ್ತು. ಇಂಗ್ಲಿಷ್ ವರದಿಯಲ್ಲಿ ‘ದಿ ಎಂಟ್ರಿ ಹ್ಯಾಸ್ ಬೀನ್ ಟ್ಯಾಂಪರ್ಡ್ ವಿತ್’ ಎಂದಿತ್ತು. ನಾನು ‘ನಮೂದನ್ನು ತಿದ್ದಲಾಗಿದೆ’ ಎಂದು ಅನುವಾದಿಸಿದೆ. ಎದುರು ವಕೀಲರು ಎದ್ದು ನಿಂತು, ತಿದ್ದಲಾಗಿದೆ ಎಂದರೆ ತಪ್ಪಿದ್ದದ್ದನ್ನು ಸರಿ ಮಾಡಲಾಗಿದೆ ಎಂದೇ ಅರ್ಥ, ಹಾಗಾಗಿ ಹದಿನೆಂಟೇ ಸರಿ ಎಂದು ವಾದಿಸಿದರು. ಮೂಲ ಇಂಗ್ಲಿಷ್ ಪ್ರತಿ ಇದ್ದುದರಿಂದ ವಾದ ನಿಲ್ಲಲಿಲ್ಲ. ಆದರೆ ನನ್ನ ಅನುವಾದಕ್ಕೆ ತಿದ್ದೋಲೆ ಸಲ್ಲಿಸಬೇಕಾಯಿತು, ಆ ರೈತ ಕುಟುಂಬ ಇನ್ನೊಂದು ವಾಯಿದೆಗೆ ಬಸ್ಸಿನ ಖರ್ಚು ಹಾಕಿಕೊಂಡು ಬರಬೇಕಾಯಿತು. ಅಂದಿನಿಂದ ಈ ಪದ ಎದುರಾದಾಗಲೆಲ್ಲ ಪೆನ್ನು ತಡೆಯುತ್ತದೆ.

ಅವರ ವಾದದಲ್ಲಿ ಭಾಷೆಯ ಮಟ್ಟಿಗೆ ಹುರುಳಿತ್ತು. ಕನ್ನಡದಲ್ಲಿ ‘ತಿದ್ದು’ ಬಹಳ ಒಳ್ಳೆಯ ಪದ. ಮಗು ಮರಳಲ್ಲೋ ಸ್ಲೇಟಿನಲ್ಲೋ ಅಕ್ಷರ ತಿದ್ದುತ್ತದೆ. ಮೇಷ್ಟ್ರು ಉತ್ತರಪತ್ರಿಕೆ ತಿದ್ದುತ್ತಾರೆ. ತಿದ್ದಿ ತೀಡಿದ ಗದ್ಯ ಎಂದು ಹೊಗಳುತ್ತೇವೆ. ದಾರಿ ತಪ್ಪಿದವನು ತಿದ್ದಿಕೊಂಡ ಎನ್ನುತ್ತೇವೆ. ಸಂವಿಧಾನಕ್ಕೂ ತಿದ್ದುಪಡಿಯೇ ಆಗುವುದು. ದಾಖಲೆಯ ಮಟ್ಟಿಗೆ ಮಾತ್ರ ‘ದಾಖಲೆ ತಿದ್ದಿದ’ ಎಂದರೆ ಅಡ್ಡ ಅರ್ಥ ಬರುತ್ತದೆ, ಅದೂ ಮಾತಿನ ಧಾಟಿಯಿಂದ. ಕೋರ್ಟಿನ ಕಾಗದಕ್ಕೆ ಧಾಟಿ ಇರುವುದಿಲ್ಲ, ಅಕ್ಷರ ಮಾತ್ರ ಇರುತ್ತದೆ. ಹಾಗಾಗಿ ‘ಅಕ್ರಮವಾಗಿ ತಿದ್ದಲಾಗಿದೆ’ ಎಂದು ವಿಶೇಷಣ ಹಾಕಿ, ಇಲ್ಲವೇ ‘ತಿರುಚಲಾಗಿದೆ’ ಎನ್ನಿ.

ಸಕ್ರಮ ತಿದ್ದುಪಡಿ ಹೇಗಿರುತ್ತದೆ ಎಂದು ನಿಮಗೆ ಹೇಳಿಕೊಡಬೇಕಿಲ್ಲ. ತಪ್ಪಾದದ್ದನ್ನು ಓದಲು ಬರುವ ಹಾಗೆ ಒಂದೇ ಗೆರೆಯಲ್ಲಿ ಹೊಡೆದು, ಮೇಲೆ ಸರಿಯಾದದ್ದನ್ನು ಬರೆದು, ಪಕ್ಕದಲ್ಲಿ ಕಿರುಸಹಿ, ದಿನಾಂಕ, ಬೇಕಾದರೆ ಷರಾ. ಹಳೆಯದೂ ಕಾಣುತ್ತದೆ, ಹೊಸದೂ ಕಾಣುತ್ತದೆ, ಯಾರು ಮಾಡಿದರು ಎಂಬುದೂ ಕಾಣುತ್ತದೆ. ಬಿಳಿ ಶಾಯಿ ಬಳಿದು ಅದರ ಮೇಲೆ ಬರೆದರೆ ಒಳ್ಳೆಯ ಉದ್ದೇಶದಿಂದ ಮಾಡಿದ್ದೂ ಅನುಮಾನಕ್ಕೆ ಗುರಿಯಾಗುತ್ತದೆ. ನಮ್ಮ ಭೂಮಿ ಯೋಜನೆ ಬಂದದ್ದರ ಹಿಂದೆಯೂ ಈ ನೋವಿದೆ. ಗ್ರಾಮ ಲೆಕ್ಕಿಗರ ಬಳಿ ಇರುತ್ತಿದ್ದ ಕೈಬರಹದ ಪಹಣಿಯಲ್ಲಿ ಯಾರು ಯಾವಾಗ ಏನು ಸೇರಿಸಿದರು ಎಂದು ಹೇಳುವುದು ಕಷ್ಟವಿತ್ತು. ಸುಮಾರು 67 ಲಕ್ಷ ರೈತರ 2 ಕೋಟಿಯಷ್ಟು ಪಹಣಿಗಳನ್ನು ಕಂಪ್ಯೂಟರಿಗೆ ಏರಿಸಿದಾಗ, ನಮೂದು ಬದಲಿಸುವ ಸಿಬ್ಬಂದಿ ಬೆರಳಚ್ಚು ಕೊಟ್ಟೇ ಒಳಗೆ ಹೋಗುವ ವ್ಯವಸ್ಥೆ ಮಾಡಿದರು. ಬದಲಾವಣೆ ನಿಲ್ಲಿಸುವುದು ಅದರ ಉದ್ದೇಶವಾಗಿರಲಿಲ್ಲ. ಪ್ರತಿ ಬದಲಾವಣೆಯ ಹಿಂದಿನ ಕೈ ಯಾವುದು ಎಂದು ಗೊತ್ತಾಗಬೇಕಿತ್ತು.

‘ವಿತ್’ ಬೇಕೇ ಎಂದು ಕೇಳಿದ್ದೀರಿ. ಬೇಕು. ಟ್ಯಾಂಪರ್ ಅಕರ್ಮಕ ಕ್ರಿಯಾಪದ. ವಸ್ತುವನ್ನು ನೇರವಾಗಿ ಹಿಡಿಯಲು ಅದಕ್ಕೆ ಬರುವುದಿಲ್ಲ, ‘ವಿತ್’ ಎಂಬ ಊರುಗೋಲು ಬೇಕು. ನಮ್ಮ ‘ಕೈಯಾಡಿಸು’ ಕೂಡ ಹೀಗೇ. ದಾಖಲೆಯನ್ನು ಕೈಯಾಡಿಸಿದ ಎನ್ನುವುದಿಲ್ಲ, ದಾಖಲೆಯಲ್ಲಿ ಕೈಯಾಡಿಸಿದ ಎನ್ನುತ್ತೇವೆ. ಆ ‘ಅಲ್ಲಿ’ ಪ್ರತ್ಯಯದ ಜಾಗದಲ್ಲಿ ‘ವಿತ್’ ಕುಳಿತಿದೆ ಎಂದು ನೆನಪಿಟ್ಟುಕೊಂಡರೆ ಮರೆಯುವುದಿಲ್ಲ. ತೊಂದರೆ ಬರುವುದು ಕರ್ಮಣಿ ಪ್ರಯೋಗದಲ್ಲಿ. ‘ದಿ ಸೀಲ್ ವಾಸ್ ಟ್ಯಾಂಪರ್ಡ್ ವಿತ್’ ಎಂದು ವಾಕ್ಯ ಮುಗಿದಾಗ ಕೊನೆಯ ‘ವಿತ್’ ಗಾಳಿಯಲ್ಲಿ ತೂಗಾಡುವಂತೆ ಕಾಣುತ್ತದೆ. ಯಾರೋ ಮುಂದಿನ ಪದ ಬಿಟ್ಟಿದ್ದಾರೆ ಅಂದುಕೊಂಡು ಟೈಪ್ ಮಾಡುವವರು ಅದನ್ನು ಅಳಿಸಿಬಿಡುತ್ತಾರೆ. ದಯವಿಟ್ಟು ಅಳಿಸಬೇಡಿ, ಅದು ಅಲ್ಲೇ ಇರಬೇಕಾದದ್ದು.

ಆದರೆ ‘ವಿತ್’ ಇಲ್ಲದ್ದೆಲ್ಲ ಅಚ್ಚಿನ ತಪ್ಪು ಎಂದೂ ತಿಳಿಯಬೇಡಿ. 2003ರ ವಿದ್ಯುತ್ ಕಾಯ್ದೆಯ 135ನೇ ಕಲಮು, ವಿದ್ಯುತ್ ಕಳವಿನ ಕಲಮು, ‘ಟ್ಯಾಂಪರ್ಸ್ ಎ ಮೀಟರ್’ ಎಂದೇ ಹೇಳುತ್ತದೆ. ನಿಮ್ಮ ಕಕ್ಷಿದಾರರ ನೋಟಿಸಿಗೆ ಆ ಭಾಷೆ ಬಂದಿರುವುದು ಬಹುಶಃ ಅಲ್ಲಿಂದಲೇ. ಅದೇ ದೇಶದ, ಅದೇ ಸಂಸತ್ತಿನ 1988ರ ಮೋಟಾರು ವಾಹನ ಕಾಯ್ದೆಯ 198ನೇ ಕಲಮು ‘ಟ್ಯಾಂಪರ್ಸ್ ವಿತ್ ದಿ ಬ್ರೇಕ್’ ಎನ್ನುತ್ತದೆ. ಆ ಕಲಮಿನ ತಲೆಬರಹ ಓದಿ ನೋಡಿ: ವಾಹನದಲ್ಲಿ ಅನಧಿಕೃತ ಹಸ್ತಕ್ಷೇಪ. ನಿಂತಿರುವ ಗಾಡಿಯೊಳಗೆ ಕಾನೂನಿನ ಅಧಿಕಾರವಾಗಲಿ ತಕ್ಕ ಕಾರಣವಾಗಲಿ ಇಲ್ಲದೆ ಹತ್ತುವುದು, ಅದನ್ನು ಕದಲಿಸುವುದು, ಬ್ರೇಕಿಗೆ ಕೈ ಹಾಕುವುದು, ಎಲ್ಲ ಅದರಡಿ ಬರುತ್ತವೆ. ಟ್ಯಾಂಪರ್ ಪದಕ್ಕೆ ಇದಕ್ಕಿಂತ ಸ್ಪಷ್ಟ ವಿವರಣೆಯನ್ನು ನಾನು ನಿಘಂಟಿನಲ್ಲೂ ಕಂಡಿಲ್ಲ. 2009ರ ಕಾನೂನು ಮಾಪನಶಾಸ್ತ್ರ ಕಾಯ್ದೆ ತೂಕ ಅಳತೆಗಳ ವಿಷಯದಲ್ಲಿ ‘ಟ್ಯಾಂಪರ್ಸ್ ವಿತ್, ಆರ್ ಆಲ್ಟರ್ಸ್’ ಎಂದು ಎರಡನ್ನೂ ಜೊತೆಗಿಡುತ್ತದೆ. ಅಂದರೆ ಕಾಯ್ದೆ ಬರೆದವರ ಕಣ್ಣಲ್ಲಿ ಟ್ಯಾಂಪರ್ ಬೇರೆ, ಬದಲಿಸುವುದು ಬೇರೆ. ಮೂಲ ಕಾಯ್ದೆಯ ಮಾತು ಉದ್ಧರಿಸುವಾಗ ಅದು ಹೇಗಿದೆಯೋ ಹಾಗೆ ಇಳಿಸಿ. ನಿಮ್ಮದೇ ಇಂಗ್ಲಿಷ್ ವಾಕ್ಯ ಬರೆಯುವಾಗ ‘ವಿತ್’ ಹಾಕಿ. ‘ಟ್ಯಾಂಪರಿಂಗ್ ಆಫ್ ಡಾಕ್ಯುಮೆಂಟ್ಸ್’ ನಮ್ಮ ಪತ್ರಿಕೆಗಳಲ್ಲಿ ರೂಢಿಯಾಗಿದೆ, ತಪ್ಪೆಂದು ಯಾರೂ ತಡೆಯುವುದಿಲ್ಲ. ನಾನು ಮಾತ್ರ ‘ಟ್ಯಾಂಪರಿಂಗ್ ವಿತ್’ ಎಂದೇ ಬರೆಯುತ್ತೇನೆ.

ಕೈಗೆ ಹಕ್ಕಿದೆಯೇ ಎಂಬ ಪ್ರಶ್ನೆಯೇ ಈ ಪದದ ಜೀವ ಎಂದೆನಲ್ಲ, ಅದನ್ನು ಮನಗಾಣಲು ಕ್ರಿಕೆಟ್‌ಗಿಂತ ಒಳ್ಳೆಯ ಉದಾಹರಣೆ ಇಲ್ಲ. 2018ರ ಮಾರ್ಚ್‌ನಲ್ಲಿ ಕೇಪ್‌ಟೌನ್ ಟೆಸ್ಟ್ ನಡೆಯುತ್ತಿದ್ದಾಗ ಆಸ್ಟ್ರೇಲಿಯಾದ ಕ್ಯಾಮರಾನ್ ಬ್ಯಾಂಕ್ರಾಫ್ಟ್ ಮರಳುಕಾಗದದ ಚೂರಿನಿಂದ ಚೆಂಡು ಉಜ್ಜಿದ್ದು ಕ್ಯಾಮೆರಾ ಕಣ್ಣಿಗೆ ಬಿತ್ತು. ನಾಯಕ ಸ್ಟೀವ್ ಸ್ಮಿತ್ ಮತ್ತು ಡೇವಿಡ್ ವಾರ್ನರ್ ಒಂದು ವರ್ಷ, ಬ್ಯಾಂಕ್ರಾಫ್ಟ್ ಒಂಬತ್ತು ತಿಂಗಳು ಹೊರಗುಳಿಯಬೇಕಾಯಿತು. ಕನ್ನಡ ಪತ್ರಿಕೆಗಳು ಇದನ್ನು ‘ಚೆಂಡು ವಿರೂಪ ಪ್ರಕರಣ’ ಎಂದು ಕರೆದವು. ಅಲ್ಲಿ ಆ ಪದ ಚೆನ್ನಾಗಿ ಒಪ್ಪಿತು, ಚೆಂಡಿನ ರೂಪವೇ ಕೆಟ್ಟಿತ್ತು. ಆದರೆ 2004ರ ಜನವರಿ ನೆನಪಿಸಿಕೊಳ್ಳಿ. ಬ್ರಿಸ್ಬೇನ್‌ನಲ್ಲಿ ಜಿಂಬಾಬ್ವೆ ವಿರುದ್ಧದ ಪಂದ್ಯ. ನಮ್ಮ ರಾಹುಲ್ ದ್ರಾವಿಡ್ ಬಾಯಲ್ಲಿದ್ದ ಕೆಮ್ಮಿನ ಮಾತ್ರೆಯ ಅಂಟು ಚೆಂಡಿಗೆ ತಾಗಿದ್ದಕ್ಕೆ ಪಂದ್ಯದ ಸಂಭಾವನೆಯ ಅರ್ಧವನ್ನು ದಂಡ ಕಟ್ಟಿದರು. ಬೇಕೆಂದು ಮಾಡಿದ್ದಲ್ಲ ಎಂದು ತಂಡದವರು ಹೇಳಿದರು. ಅಲ್ಲಿ ಚೆಂಡು ವಿರೂಪವಾಗಲಿಲ್ಲ, ಹೊಳಪು ಬಂದಿರಬಹುದು ಅಷ್ಟೇ. ಚೆಂಡಿಗೆ ಹೊಳಪು ತರುವುದಕ್ಕೆ ಕ್ರಿಕೆಟ್‌ನಲ್ಲಿ ಅಡ್ಡಿಯಿಲ್ಲ, ಪ್ಯಾಂಟಿಗೆ ಉಜ್ಜಬಹುದು, ಬೆವರು ಹಚ್ಚಬಹುದು. ಹೊರಗಿನ ವಸ್ತು ಮಾತ್ರ ತಾಗಬಾರದು.

ಉಗುಳಿನ ಕಥೆ ಇನ್ನೂ ಸ್ವಾರಸ್ಯದ್ದು. ಎಷ್ಟೋ ವರ್ಷ ಬೌಲರುಗಳು ಉಗುಳು ಹಚ್ಚಿ ಚೆಂಡು ಉಜ್ಜಿದರು, ಯಾರೂ ತಪ್ಪೆನ್ನಲಿಲ್ಲ. 2020ರಲ್ಲಿ ಕೋವಿಡ್ ಬಂದು ಅದನ್ನು ನಿಷೇಧಿಸಿದರು, 2022ರ ಅಕ್ಟೋಬರ್ 1ರಿಂದ ನಿಷೇಧ ಕಾಯಂ ಆಯಿತು. ಮುಂದೆ 2025ರ ಐಪಿಎಲ್‌ನಲ್ಲಿ ಮತ್ತೆ ಉಗುಳು ಹಚ್ಚಲು ಬಿಟ್ಟರು. ಬೆರಳು ಅದೇ, ಉಗುಳು ಅದೇ, ಚೆಂಡು ಅದೇ. ಒಂದು ದಿನ ಆಟದ ಕಸುಬು, ಇನ್ನೊಂದು ದಿನ ಅಪರಾಧ. ನಡುವೆ ಬದಲಾದದ್ದು ಅನುಮತಿ ಒಂದೇ. ಹಾಗಾಗಿಯೇ ‘ವಿರೂಪ’ವನ್ನು ಟ್ಯಾಂಪರ್‌ಗೆ ಸಾಮಾನ್ಯ ಅನುವಾದವಾಗಿ ಹಿಡಿಯಬಾರದು. ರೂಪ ಕೆಡದೆಯೂ ಟ್ಯಾಂಪರ್ ಆಗುತ್ತದೆ.

ಇನ್ನು ನಿಮ್ಮ ಜಾಮೀನು ಆದೇಶ. ಆ ಷರತ್ತು ಹಿಂದಿನ ದಂಡಪ್ರಕ್ರಿಯಾ ಸಂಹಿತೆಯ 437ನೇ ಕಲಮಿನಲ್ಲಿ ಇತ್ತು, ಈಗ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 480ರಲ್ಲಿ ಇದೆ. ಸಾಕ್ಷ್ಯವನ್ನೇ ಇಲ್ಲವಾಗಿಸುವ ಅಪರಾಧಕ್ಕೆ ಬೇರೆಯೇ ಕಲಮು ಇದೆ, ಹಿಂದಿನ ಐಪಿಸಿ 201, ಈಗಿನ ಭಾರತೀಯ ನ್ಯಾಯ ಸಂಹಿತೆಯ 238. ‘ಸಾಕ್ಷ್ಯ ನಾಶ’ ಎಂಬ ಮಾತು ಅದಕ್ಕೆ ಒಪ್ಪುತ್ತದೆ. ಬದುವಿನ ಜಗಳದಲ್ಲಿ ಬಳಸಿದ ಮಚ್ಚನ್ನು ಆರೋಪಿ ಬಾವಿಗೆ ಎಸೆದರೆ ಅದು ನಾಶ ಅಥವಾ ಕಣ್ಮರೆ. ಪೊಲೀಸರು ಪಂಚರ ಸಮಕ್ಷಮ ಮಹಜರು ಮಾಡಿ, ಬಟ್ಟೆಯಲ್ಲಿ ಸುತ್ತಿ, ಅರಗಿನ ಮುದ್ರೆ ಒತ್ತಿ ಇಟ್ಟ ಮಚ್ಚನ್ನು ಯಾರೋ ಬಿಚ್ಚಿ, ತೊಳೆದು, ಮತ್ತೆ ಹಾಗೇ ಸುತ್ತಿಟ್ಟರೆ ಅದು ಟ್ಯಾಂಪರ್. ಅಂಗಡಿಯ ಸಿಸಿಟಿವಿ ದೃಶ್ಯವನ್ನು ಪೂರ್ತಿ ಅಳಿಸಿದರೆ ನಾಶ. ನಡುವಿನ ಎರಡು ನಿಮಿಷ ಕತ್ತರಿಸಿ, ಗಂಟೆ ಬದಲಿಸಿ, ಅದನ್ನೇ ಅಸಲಿ ಎಂದು ಕೊಟ್ಟರೆ ಟ್ಯಾಂಪರ್. ನೀವು ‘ನಾಶ ಮಾಡತಕ್ಕದ್ದಲ್ಲ’ ಎಂದಷ್ಟೇ ಬರೆದರೆ, ನಾಶ ಮಾಡಿಲ್ಲವಲ್ಲ ಸ್ವಾಮಿ, ಇಲ್ಲೇ ಇದೆ ನೋಡಿ ಎಂದು ಹೇಳಲು ಒಬ್ಬರಿಗೆ ದಾರಿ ಮಾಡಿಕೊಟ್ಟ ಹಾಗಾಗುತ್ತದೆ. ಇಂಗ್ಲಿಷ್ ಆದೇಶವೇ ಕೊನೆಗೆ ಗೆಲ್ಲುತ್ತದೆ ಎಂದಿಟ್ಟುಕೊಂಡರೂ, ಇಂಗ್ಲಿಷ್ ಬಾರದ ಆರೋಪಿ ತನ್ನ ಮೇಲಿರುವ ಷರತ್ತು ಏನು ಎಂದು ಓದಿ ತಿಳಿಯುವುದು ನಿಮ್ಮ ಕನ್ನಡ ಪ್ರತಿಯಿಂದಲೇ. ಅವನಿಗೆ ಅದು ಸರಿಯಾಗಿ ಗೊತ್ತಾಗಬೇಕು.

ಒಂದು ಮಾತು ಗಮನಿಸಿ. ಇಂಗ್ಲಿಷಿನಲ್ಲಿ ಮನುಷ್ಯರ ವಿಷಯದಲ್ಲೂ ಟ್ಯಾಂಪರ್ ಬಳಸುತ್ತಾರೆ, ‘ಟ್ಯಾಂಪರಿಂಗ್ ವಿತ್ ವಿಟ್ನೆಸಸ್’ ಎನ್ನುತ್ತಾರೆ. ಇಲ್ಲಿ ಸಾಕ್ಷ್ಯ ಮತ್ತು ಸಾಕ್ಷಿ ಅದಲುಬದಲಾಗದಂತೆ ನೋಡಿಕೊಳ್ಳಿ, ಒಂದು ಪುರಾವೆ, ಇನ್ನೊಂದು ಅದನ್ನು ನುಡಿಯುವ ವ್ಯಕ್ತಿ. ವ್ಯಕ್ತಿಯಲ್ಲಿ ಕೈಯಾಡಿಸಲು ಬರುವುದಿಲ್ಲ. ನಮ್ಮ ಜನ ‘ಸಾಕ್ಷಿಯನ್ನ ಒಳಗೆ ಹಾಕ್ಕೊಂಡ’ ಎನ್ನುತ್ತಾರಲ್ಲ, ಅದು ತುಂಬ ಸೊಗಸಾದ ಮಾತು. ಆದೇಶದ ಭಾಷೆಗೆ ‘ಸಾಕ್ಷಿಗಳಿಗೆ ಆಮಿಷ ಒಡ್ಡುವುದಾಗಲಿ ಬೆದರಿಸುವುದಾಗಲಿ ಮಾಡತಕ್ಕದ್ದಲ್ಲ’ ಎಂದು ಬಿಡಿಸಿ ಬರೆಯುವುದೇ ಮೇಲು.

ಅಕ್ಕಪಕ್ಕದ ಪದಗಳನ್ನು ಬೇಗ ಬೇಗ ಹೇಳಿ ಮುಗಿಸುತ್ತೇನೆ. ಇಲ್ಲದ್ದನ್ನು ಹೊಸದಾಗಿ ಹುಟ್ಟಿಸಿದರೆ ನಕಲಿ ಸೃಷ್ಟಿ, ಇದ್ದದ್ದರಲ್ಲಿ ಕೈಯಾಡಿಸಿದರೆ ಟ್ಯಾಂಪರ್. ಆದರೂ ಕಾನೂನಿನಲ್ಲಿ, ಮಾಡಿ ಮುಗಿದ ದಸ್ತಾವೇಜಿನ ಮುಖ್ಯ ಭಾಗವನ್ನು ಅಧಿಕಾರವಿಲ್ಲದೆ ಮೋಸದಿಂದ ಬದಲಿಸುವುದೂ ಸುಳ್ಳು ದಸ್ತಾವೇಜು ಸೃಷ್ಟಿಯೇ ಆಗುತ್ತದೆ. ಹಾಲಿಗೆ ನೀರು ಬೆರೆಸುವುದು ಕಲಬೆರಕೆ. ಬೇರೆಯವರ ಸಂಸಾರದಲ್ಲಿ ಮೂಗು ತೂರಿಸುವುದು ಬರೀ ಅಧಿಕಪ್ರಸಂಗ, ಅದಕ್ಕೆ ಟ್ಯಾಂಪರ್ ಎನ್ನುವುದಿಲ್ಲ. ಹಸ್ತಕ್ಷೇಪ ಪದದಲ್ಲಿ ‘ಹಸ್ತ’ ಇದ್ದರೂ ಬಳಕೆಯಲ್ಲಿ ಅದು ಎದುರೆದುರೇ ಅಡ್ಡಬರುವುದನ್ನು ಸೂಚಿಸುತ್ತದೆ, ಸಚಿವರ ಹಸ್ತಕ್ಷೇಪ ಎಂಬ ಹಾಗೆ. ಟ್ಯಾಂಪರ್‌ನ ಗುಟ್ಟುತನ ಅದಕ್ಕಿಲ್ಲ. 2000ದ ಮಾಹಿತಿ ತಂತ್ರಜ್ಞಾನ ಕಾಯ್ದೆಯ 65ನೇ ಕಲಮಿನ ತಲೆಬರಹದಲ್ಲಿ ಟ್ಯಾಂಪರ್ ಇದೆ, ಒಳಗೆ ಓದಿದರೆ ಬಚ್ಚಿಡುವುದು, ನಾಶಪಡಿಸುವುದು, ಬದಲಿಸುವುದು ಮೂರನ್ನೂ ಅದರಡಿ ತಂದಿದ್ದಾರೆ. ಹಾಗಾಗಿ ಯಾವುದಾದರೂ ಕಾಯ್ದೆ ಈ ಪದವನ್ನು ತಾನೇ ವಿವರಿಸಿದ್ದರೆ ಅಲ್ಲಿ ಆ ವಿವರಣೆಯದೇ ಮಾತು, ನನ್ನದಲ್ಲ.

ನಿಮ್ಮ ಮಗಳ ಔಷಧಿ ಸೀಸೆಯ ಮೇಲಿನ ಪದದ ಹಿಂದೆ ಒಂದು ದೊಡ್ಡ ದುಃಖ ಇದೆ. 1982ರ ಸೆಪ್ಟೆಂಬರ್ ಕೊನೆಯಲ್ಲಿ ಅಮೆರಿಕದ ಶಿಕಾಗೊ ಸುತ್ತಮುತ್ತ ಟೈಲೆನಾಲ್ ಎಂಬ ನೋವಿನ ಮಾತ್ರೆ ನುಂಗಿದ ಏಳು ಮಂದಿ ಸತ್ತರು. ಯಾರೋ ಕ್ಯಾಪ್ಸೂಲ್‌ಗಳಲ್ಲಿ ಸಯನೈಡ್ ತುಂಬಿ ಸೀಸೆಗಳನ್ನು ಅಂಗಡಿಯ ಕಪಾಟಿನಲ್ಲಿ ಮೊದಲಿನಂತೆಯೇ ಇಟ್ಟು ಹೋಗಿದ್ದರು. ಕಂಪನಿ ಸುಮಾರು 3 ಕೋಟಿ 10 ಲಕ್ಷ ಸೀಸೆಗಳನ್ನು ಮಾರುಕಟ್ಟೆಯಿಂದ ವಾಪಸ್ ತರಿಸಿತು. ಸತ್ತವರಲ್ಲಿ ಹನ್ನೆರಡು ವರ್ಷದ ಹುಡುಗಿಯೂ ಇದ್ದಳು. ಅದೇ ವರ್ಷದ ನವೆಂಬರ್‌ನಲ್ಲಿ ಅಲ್ಲಿನ ಔಷಧ ನಿಯಂತ್ರಕರು ಅಂಗಡಿಯಲ್ಲಿ ನೇರವಾಗಿ ಸಿಗುವ ಔಷಧಿಗಳಿಗೆ ಹೊಸ ಬಗೆಯ ಮುಚ್ಚಳ, ಪೊಟ್ಟಣ ಕಡ್ಡಾಯ ಮಾಡಿದರು. ಮೊದಲು ಅದನ್ನು ‘ಟ್ಯಾಂಪರ್ ರೆಸಿಸ್ಟೆಂಟ್’ ಎಂದು ಕರೆದರು, ಅಂದರೆ ಕೈಯಾಡಿಸುವುದನ್ನು ತಡೆಯುವಂಥದ್ದು. 1998ರಲ್ಲಿ ಆ ಪದ ಬಿಟ್ಟು ‘ಟ್ಯಾಂಪರ್ ಎವಿಡೆಂಟ್’ ಎಂದರು. ಈ ಪದ ಬದಲಾವಣೆಯ ಹಿಂದಿನ ಪ್ರಾಮಾಣಿಕತೆ ನನಗೆ ಬಹಳ ಹಿಡಿಸುತ್ತದೆ. ಮನಸ್ಸು ಮಾಡಿದ ಕೈಯನ್ನು ಯಾವ ಮುಚ್ಚಳವೂ ತಡೆಯಲಾರದು. ಆದರೆ ಆ ಕೈ ಬಂದು ಹೋದ ಗುರುತನ್ನು ಉಳಿಸಿಕೊಳ್ಳಬಲ್ಲದು. ಸೀಸೆಯ ಮುಚ್ಚಳ ತಿರುಗಿಸಿದಾಗ ಕೆಳಗಿನ ಉಂಗುರ ಟಕ್ ಎಂದು ಬಿಟ್ಟುಕೊಂಡು ಕತ್ತಿನಲ್ಲೇ ಉಳಿಯುತ್ತದೆ. ಆ ಟಕ್ ನಿಮ್ಮ ಕೈಯಲ್ಲೇ ಮೊದಲ ಸಲ ಆಗಬೇಕು. ಆಗದಿದ್ದರೆ ಔಷಧಿ ಅಂಗಡಿಗೆ ವಾಪಸ್ ಕೊಡಿ, ಮಗುವಿಗೆ ಕೊಡಬೇಡಿ. ಕನ್ನಡದಲ್ಲಿ ‘ಮೊದಲೇ ತೆರೆದಿದ್ದರೆ ಗೊತ್ತಾಗುವ ಮುಚ್ಚಳ’ ಎಂದರೆ ಸಾಕು. ಉದ್ದವಾಯಿತು ನಿಜ, ಆದರೆ ಅಜ್ಜಿಗೂ ಅರ್ಥವಾಗುತ್ತದೆ, ಔಷಧಿಯ ಮೇಲೆ ಬರೆಯುವ ಮಾತು ಅಜ್ಜಿಗೆ ಅರ್ಥವಾಗಬೇಕು. ‘ಟ್ಯಾಂಪರ್ ಪ್ರೂಫ್’ ಎಂದಿದ್ದರೆ ಮಾತ್ರ ‘ಕೈಯಾಡಿಸಲು ಬಾರದ’ ಎನ್ನಿ.

ಒಂದೇ ಪದ ಬೇಕು ಎಂದರೆ ನಾನು ‘ಕೈಯಾಡಿಸು’ ಎಂಬುದನ್ನೇ ಮುಂದಿಡುತ್ತೇನೆ. ಅದರಲ್ಲಿ ಕೈ ಇದೆ, ಗುಟ್ಟಿದೆ, ಮುಗಿದ ಮೇಲೆ ವಸ್ತು ಅಲ್ಲೇ ಇರುತ್ತದೆ ಎಂಬ ಸೂಚನೆಯೂ ಇದೆ. ‘ಅವರು ನಾಟಕದಲ್ಲೂ ಕೈಯಾಡಿಸಿದ್ದಾರೆ’ ಎಂಬ ನಿರುಪದ್ರವಿ ಬಳಕೆಯೂ ಇರುವುದರಿಂದ ಕಾನೂನಿನ ಕಾಗದದಲ್ಲಿ ‘ಅಕ್ರಮವಾಗಿ’ ಎಂದು ಹಿಂದೆ ಸೇರಿಸಿ. ಅದರ ಜೊತೆಗೆ ವಸ್ತುವಿಗೆ ತಕ್ಕ ಕ್ರಿಯಾಪದ ಇಡಿ: ದಾಖಲೆ, ಹೇಳಿಕೆ, ದೃಶ್ಯಕ್ಕೆ ತಿರುಚು, ಚೆಂಡಿಗೆ, ಮುದ್ರೆಗೆ ವಿರೂಪಗೊಳಿಸು, ಯಂತ್ರಕ್ಕೆ ಕೈಯಾಡಿಸು. ಜಾಮೀನಿನ ಷರತ್ತನ್ನು ‘ಆರೋಪಿಯು ಸಾಕ್ಷ್ಯದಲ್ಲಿ ಅಕ್ರಮವಾಗಿ ಕೈಯಾಡಿಸುವುದಾಗಲಿ ಅದನ್ನು ತಿರುಚುವುದಾಗಲಿ ಮಾಡತಕ್ಕದ್ದಲ್ಲ’ ಎಂದು ಟೈಪ್ ಮಾಡಿ.

ಮೀಟರಿನ ನೋಟಿಸಿನ ವಿಷಯದಲ್ಲಿ ಒಂದು ಎಚ್ಚರಿಕೆ, ಇದು ಅನುವಾದಕ್ಕಿಂತ ಹೆಚ್ಚಾಗಿ ನಿಮ್ಮ ಕಕ್ಷಿದಾರರಿಗೆ ಬೇಕಾದದ್ದು. ‘ಮೀಟರ್ ತಿದ್ದಲಾಗಿದೆ’ ಎಂಬುದನ್ನು ‘ಮೀಟರಿನಲ್ಲಿ ಅಕ್ರಮವಾಗಿ ಕೈಯಾಡಿಸಲಾಗಿದೆ’ ಎಂದು ಬದಲಿಸುವ ಮೊದಲು ಸ್ಥಳ ಪರಿಶೀಲನೆಯ ಮಹಜರನ್ನು ಒಮ್ಮೆ ಓದಿ. ಅಲ್ಲಿ ಇರುವುದು ‘ಸೀಲ್ ಬ್ರೋಕನ್’ ಎಂದೋ, ‘ಮೀಟರ್ ಟ್ಯಾಂಪರ್ಡ್’ ಎಂದೋ ನೋಡಿ. ಸೀಲ್ ಒಡೆದಿದೆ ಎಂಬುದು ಕಣ್ಣಿಗೆ ಕಂಡ ಸ್ಥಿತಿ. ಬಿಸಿಲಿಗೆ ಪ್ಲಾಸ್ಟಿಕ್ ಸೀಲು ಬಿರಿಯಬಹುದು, ಹಳೆಯ ಸೀಸದ ಸೀಲಿನ ತಂತಿ ತುಕ್ಕು ಹಿಡಿದು ತುಂಡಾಗಬಹುದು, ಮೀಟರ್ ಬದಲಿಸಲು ಬಂದವರೇ ಹೊಸ ಸೀಲು ಹಾಕದೆ ಹೋಗಿರಬಹುದು. ಟ್ಯಾಂಪರ್ ಎಂಬುದು ಆರೋಪ, ಅದರೊಳಗೆ ಒಬ್ಬ ಮನುಷ್ಯನ ಕೈ ಇದೆ. ಮಹಜರಿನಲ್ಲಿ ಸ್ಥಿತಿ ಮಾತ್ರ ಇದ್ದು ನೋಟಿಸಿನಲ್ಲಿ ಆರೋಪ ಬಂದಿದ್ದರೆ, ಅನುವಾದದಲ್ಲಿ ಎರಡನ್ನೂ ಬೇರೆ ಬೇರೆಯಾಗೇ ಉಳಿಸಿ, ಆ ಎರಡು ಸಾಲುಗಳ ಕೆಳಗೆ ಪೆನ್ಸಿಲಿನಲ್ಲಿ ಗೆರೆ ಎಳೆದು ನಿಮ್ಮ ವಕೀಲರ ಮುಂದಿಡಿ.